ಕ್ಲಾಡಿಯಸ್‌ನ ಚಿನ್ನದ ನಾಣ್ಯದಲ್ಲಿ ಕುಳಿತಿರುವ ಸ್ತ್ರೀ ಯಾರು?

ಪ್ರಶ್ನೆ: ರೋಮನ್ ಚಕ್ರವರ್ತಿ ಕ್ಲಾಡಿಯಸ್‌ನ ಆರಿಯಸ್ ಎಂಬ ಚಿನ್ನದ ನಾಣ್ಯದ ಚಿತ್ರವನ್ನು ನೋಡಿದೆ. ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಯೊಬ್ಬಳು ಬಲಗೈಯನ್ನು ಬಾಯಿಯ ಹತ್ತಿರಕ್ಕೆ ಎತ್ತಿದ್ದಾಳೆ. ಅವಳು ರಾಣಿಯೋ, ದೇವತೆಯೋ?

ಉತ್ತರ: ಅವಳು ಗುಣದೇವತೆ, ಅಂದರೆ ಒಂದು ಗುಣಕ್ಕೆ ಕೊಟ್ಟ ಸ್ತ್ರೀರೂಪ. ಸುತ್ತಲಿನ ಲ್ಯಾಟಿನ್ ಬರಹ 'ಕಾನ್‌ಸ್ಟಾಂಟಿಯೇ ಆಗಸ್ಟಿ'. ಅಂದರೆ 'ಚಕ್ರವರ್ತಿಯ ಸ್ಥೈರ್ಯಕ್ಕೆ' ಸಲ್ಲಿಸಿದ್ದು. ಈ ಗುಣವನ್ನು ನಾಣ್ಯಕ್ಕೆ ತಂದವನು ಕ್ಲಾಡಿಯಸ್, ಮತ್ತು ಅದಕ್ಕೆ ಕಾರಣವಿತ್ತು. ಕ್ರಿ.ಶ. 41ರ ಜನವರಿಯಲ್ಲಿ ಹಿಂದಿನ ಚಕ್ರವರ್ತಿ ಕ್ಯಾಲಿಗುಲನ ಕೊಲೆಯಾದಾಗ, ಕುಂಟುನಡಿಗೆ ಮತ್ತು ತೊದಲು ಮಾತಿನಿಂದಾಗಿ ಮನೆಯವರೇ ಬಹುಕಾಲ ಅಧಿಕಾರದಿಂದ ದೂರವಿಟ್ಟಿದ್ದ, ಐವತ್ತರ ಸಮೀಪದ ಕ್ಲಾಡಿಯಸ್‌ನನ್ನು ಕಾವಲುಪಡೆಯ ಸೈನಿಕರು ತಮ್ಮ ಪಾಳೆಯಕ್ಕೆ ಕರೆದೊಯ್ದು ಚಕ್ರವರ್ತಿಯೆಂದು ಸಾರಿದರು. ಪ್ರತಿಯಾಗಿ ಆತ ತಲಾ 15,000 ಸೆಸ್ಟರ್ಸ್ ಕೊಡುವುದಾಗಿ ಮಾತು ಕೊಟ್ಟನೆಂದು ರೋಮನ್ ಲೇಖಕ ಸ್ವೆಟೋನಿಯಸ್ ಬರೆಯುತ್ತಾನೆ. ಒಂದು ಆರಿಯಸ್‌ಗೆ 100 ಸೆಸ್ಟರ್ಸ್ ಆದ್ದರಿಂದ ಅದು ತಲೆಗೆ 150 ಚಿನ್ನದ ನಾಣ್ಯಗಳಷ್ಟಾಯಿತು! ಅಂಥವನಿಗೆ ಶೌರ್ಯಕ್ಕಿಂತ, ಬಂದದ್ದನ್ನು ತಾಳಿಕೊಂಡು ನಿಂತವನೆಂಬ ಹೆಸರೇ ಹೆಚ್ಚು ಒಪ್ಪುತ್ತಿತ್ತು. ಎತ್ತಿದ ಆ ಕೈ ನನಗೆ, ಆಡಬಹುದಾದ ಮಾತನ್ನು ತಡೆದು ಕಾಯುವವರ ಭಂಗಿಯಂತೆ ಕಾಣುತ್ತದೆ.

ಮರುಪ್ರಶ್ನೆ: ಬರಹ ಸವೆದಿದ್ದರೆ ಗುಣವನ್ನು ಗುರುತಿಸುವುದು ಹೇಗೆ?

ಉತ್ತರ: ಕೈಗಳನ್ನು ನೋಡಿ. ತಕ್ಕಡಿ ಹಿಡಿದವಳು ಸಾಮಾನ್ಯವಾಗಿ ನ್ಯಾಯಬದ್ಧ ವ್ಯವಹಾರದ ಈಕ್ವಿಟಾಸ್. ಹಾವಿಗೆ ಬಟ್ಟಲಿನಿಂದ ಉಣಿಸುವವಳು ಕ್ಷೇಮದ ಸಾಲುಸ್. ಒಂದು ಕೈಯಲ್ಲಿ ಹೂವು ಹಿಡಿದು ಇನ್ನೊಂದರಿಂದ ಸೆರಗನ್ನು ತುಸು ಎತ್ತಿ ಹೆಜ್ಜೆಯಿಡುವವಳು ಭರವಸೆಯ ಸ್ಪೆಸ್. ಆದರೆ ಹೆಸರು ಹೇಳಿ ನಿಲ್ಲಬೇಡಿ, ನಾಣ್ಯದ ಇಸವಿಯನ್ನೂ ಹುಡುಕಿ. ಕ್ರಿ.ಪೂ. 27ರಲ್ಲಿ ಸೆನೆಟ್ ಮೊದಲ ಚಕ್ರವರ್ತಿ ಆಗಸ್ಟಸನಿಗೆ ಅರ್ಪಿಸಿದ ಚಿನ್ನದ ಗುರಾಣಿಯ ಮೇಲೆ ಶೌರ್ಯ, ದಯೆ, ನ್ಯಾಯ, ಭಕ್ತಿ ಎಂಬ ನಾಲ್ಕು ಗುಣಗಳನ್ನು ಬರೆಸಿತ್ತು. ಅಂತರ್ಯುದ್ಧದಲ್ಲಿ ಗೆದ್ದು ಬಂದವನಿಗೆ ದಯೆಯ ಹೊಗಳಿಕೆ ಸಲ್ಲುವುದರ ಅರ್ಥ ಆ ಇಸವಿಯಿಂದಲೇ ತಿಳಿಯುತ್ತದೆ.

ಮರುಪ್ರಶ್ನೆ: ಇಂಥ ನಾಣ್ಯಗಳು ನಮ್ಮ ಕಡೆಗೂ ಬಂದಿದ್ದವೇ?

ಉತ್ತರ: ಬಂದಿದ್ದವು. ತಮಿಳುನಾಡಿನ ಪುದುಕ್ಕೋಟೆಯ ಬಳಿ 1898ರಲ್ಲಿ 501 ಆರಿಯಸ್‌ಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿಯ ಆಳವಾದ ಗೀರು ಬಿದ್ದಿದೆ. ಅಂಥದೊಂದನ್ನು ಕಂಡರೆ ಹಾಳಾದದ್ದೆಂದು ಬದಿಗಿಡದೆ, ಗೀರಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅದೂ ಆ ನಾಣ್ಯದ ಚರಿತ್ರೆಯೇ.