ಚಳಿಗಾಲದಲ್ಲಿ ಗುಡುಗು ಬರಲ್ಲ ಅಂತ ಮಗಳಿಗೆ ಹೇಳಿಬಿಡಲಾ?

ತಿಪಟೂರು ಕಡೆಯ ತಾಯಿ:

ಎಲ್ಲರಿಗೂ ನಮಸ್ಕಾರ. ಹೋದ ಮೇ ತಿಂಗಳಲ್ಲಿ ನಮ್ಮ ಹಿತ್ತಲ ತೆಂಗಿನ ಮರಕ್ಕೆ ಸಿಡಿಲು ಹೊಡೀತು. ಎಂಟು ವರ್ಷದ ಮಗಳು ಅಡುಗೆಮನೆ ಕಿಟಕಿ ಹತ್ತಿರವೇ ನಿಂತಿದ್ದಳು, ಸುಳಿ ಹೊತ್ತಿ ಉರಿದದ್ದನ್ನು ಕಣ್ಣಾರೆ ನೋಡಿದಳು. ಆವತ್ತಿಂದ ಸಂಜೆ ಒಂದು ಮೋಡ ಕಂಡರೂ ನನ್ನ ಸೆರಗು ಬಿಡಲ್ಲ. ಈಗ ಡಿಸೆಂಬರ್. ಆದರೂ ಮಲಗುವಾಗ ದಿನಾ ಅದೇ ಪ್ರಶ್ನೆ, "ಅಮ್ಮ, ಇವತ್ತು ಗುಡುಗು ಬರುತ್ತಾ?" ನಮ್ಮತ್ತೆ "ಚಳೀಲಿ ಗುಡುಗು ಎಲ್ಲಿಂದ ಬರುತ್ತೆ, ಮಲಕ್ಕೋ" ಅಂತಾರೆ. ಇವಳು "ಯಾಕೆ ಬರಲ್ಲ ಅಜ್ಜಿ?" ಅಂತಾಳೆ. ಅದಕ್ಕೆ ಉತ್ತರ ನಮ್ಮಿಬ್ಬರಿಗೂ ಗೊತ್ತಿಲ್ಲ. ಬರೋದೇ ಇಲ್ಲ ಅಂತ ಹೇಳಿ ಒಂದಿನ ಬಂದುಬಿಟ್ಟರೆ ನನ್ನ ಮಾತನ್ನು ಅವಳು ಮತ್ತೆ ನಂಬಲ್ಲ. ನಿಮ್ಮ ಅನುಭವ ಹೇಳಿ.

ಅರಸೀಕೆರೆ ಕಡೆಯ ರೈತ:

ತಂಗೀ, ನಿಮ್ಮತ್ತೆ ಮಾತು ಮುಕ್ಕಾಲು ಪಾಲು ಸರಿ. ನಮ್ಮಲ್ಲಿ ಗುಡುಗಿನ ಮಳೆ ಎರಡು ಸಲ. ಅಶ್ವಿನಿ, ಭರಣಿ, ಕೃತ್ತಿಕೆ ಒಂದು ಸುತ್ತು, ಆಮೇಲೆ ಹಸ್ತ, ಚಿತ್ತೆ, ಸ್ವಾತಿ ಇನ್ನೊಂದು ಸುತ್ತು. ವಿಶಾಖೆ ದಾಟಿತು ಅಂದರೆ ರಾಗಿ ಕೊಯ್ದು ಮೆದೆ ಹಾಕಿ ಧೈರ್ಯವಾಗಿ ಇರ್ತೀವಿ. ಪುಷ್ಯ ಮಾಸದ ಒಕ್ಕಣೆಯಲ್ಲಿ ಮೋಡ ಕವಿದು ಸೋನೆ ಹಿಡಿದು ಪರದಾಡಿದ್ದೀನಿ. ಸಿಡಿಲಿಗೆ ಹೆದರಿ ಕಣ ಬಿಟ್ಟು ಓಡಿದ್ದು ನನ್ನ ನಲವತ್ತು ವರ್ಷದ ಬೇಸಾಯದಲ್ಲಿ ನೆನಪಿಲ್ಲ.

ಹಾಸನದ ವಿಜ್ಞಾನ ಶಿಕ್ಷಕಿ:

ಆ ಮಗು ಕೇಳ್ತಿರೋದು ಒಳ್ಳೇ ಪ್ರಶ್ನೆ. "ಸುಮ್ಮನೆ ಮಲಗು" ಅನ್ನಬೇಡಿ. ನನ್ನ ಐದನೇ ತರಗತಿ ಮಕ್ಕಳಿಗೆ ನಾನು ಮೊದಲು ಹೊಗೆ ತೋರಿಸ್ತೀನಿ. ಈಗಿನ ದಿನಗಳಲ್ಲಿ ಬೆಳಿಗ್ಗೆ ಆರೂವರೆಗೆ ಬಚ್ಚಲೊಲೆ ಹಚ್ಚಿದಾಗ ಅವಳನ್ನು ಹೊರಗೆ ಕರ್ಕೊಂಡು ಬನ್ನಿ. ಹೊಗೆ ಹೆಂಚಿನಿಂದ ಸ್ವಲ್ಪ ಮೇಲೆದ್ದು, ಅಲ್ಲೇ ತಡೆದು, ಹಾಸಿದ ಪಂಚೆ ಥರ ತೋಟದ ಮೇಲೆ ಅಡ್ಡಡ್ಡ ಹರಡುತ್ತೆ. ರಾತ್ರಿ ನೆಲ ತಣ್ಣಗಾಗಿ ಅದರ ಪಕ್ಕದ ಗಾಳಿಯೂ ತಣ್ಣಗಾಗಿರುತ್ತೆ, ಅದಕ್ಕಿಂತ ಮೇಲಿನ ಗಾಳಿಯೇ ಬೆಚ್ಚಗಿರುತ್ತೆ. ತಣ್ಣನೆ ಗಾಳಿ ಭಾರ, ಮೇಲೇಳಲ್ಲ. ಏಪ್ರಿಲ್ ಮಧ್ಯಾಹ್ನ ಇದೇ ಜಾಗದಲ್ಲಿ ತರಗೆಲೆ, ಧೂಳು ಎಲ್ಲ ಸುತ್ತಿಕೊಂಡು ಸುಂಟರಗಾಳಿ ಆಕಾಶಕ್ಕೆ ಏಳುತ್ತಲ್ಲ, ಕಾದ ನೆಲ ಗಾಳಿಯನ್ನು ಎತ್ತಿ ಎಸೆಯೋದು ಹಾಗೆ.

ಗುಡುಗಿನ ಮೋಡಕ್ಕೆ ಆ ಎತ್ತಾಟವೇ ಜೀವ. ನಮ್ಮ ಕಡೆ ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟೋ ಚಳಿ. ಮೋಡ ಅದನ್ನೂ ದಾಟಿ 12 ಕಿಲೋಮೀಟರ್ ಮುಟ್ಟುವಷ್ಟು ಬೆಳೆದಾಗ ಒಳಗೆ ಹಿಮದ ಹರಳು, ಪುಟ್ಟ ಆಲಿಕಲ್ಲು ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ತು ಬೇರ್ಪಡುತ್ತೆ. ಮಿಂಚು ಹುಟ್ಟೋದು ಅಲ್ಲಿ. ಗಿಡ್ಡ ಮೋಡ ಮಳೆ ಸುರಿಸಬಹುದು, ಮಿಂಚಲಾರದು. 2024ರ ಡಿಸೆಂಬರ್ ಶುರುವಿನಲ್ಲಿ ಫೆಂಗಲ್ ಚಂಡಮಾರುತದ ಹೊತ್ತಿಗೆ ನಾನು ಬೆಂಗಳೂರಲ್ಲಿ ತಂಗಿ ಮನೇಲಿದ್ದೆ. ದಿನವಿಡೀ ಸೋನೆ, ಒಗೆದ ಬಟ್ಟೆ ಒಣಗಲೇ ಇಲ್ಲ. ಗುಡುಗು ಮಾತ್ರ ಒಂದೂ ಕೇಳಲಿಲ್ಲ. ಮಲೆನಾಡಿನ ಆಷಾಢದ ಜಡಿಮಳೆಯೂ ಬಹುಪಾಲು ಹಾಗೇ.

ಇನ್ನು ನೀರಾವಿ. 30 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತೆ, 15 ಡಿಗ್ರಿಯದು 13 ಗ್ರಾಂ ಅಷ್ಟೇ. ಆವಿ ಹನಿಯಾಗುವಾಗ ಬಿಡುವ ಶಾಖವೇ ಮೋಡವನ್ನು ಇನ್ನೂ ಮೇಲಕ್ಕೆ ತಳ್ಳೋದು. ಚಳಿಗಾಲದಲ್ಲಿ ನಮಗೆ ಬೀಸೋದು ಹೆಚ್ಚಾಗಿ ಈಶಾನ್ಯದ ಒಣಗಾಳಿ, ಜೊತೆಗೆ ಮೇಲಿನ ಗಾಳಿ ಕೆಳಕ್ಕೆ ಇಳಿದು ಮೋಡದ ತಲೆ ಅದುಮುತ್ತೆ.

ಬಿಸಿಲು ಎಷ್ಟು ಓರೆ ಅಂತ ಅವಳೇ ಅಳೆಯಲಿ. ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ 22ರ ನಡುಮಧ್ಯಾಹ್ನ ನೆರಳು ಸುಮಾರು 75 ಸೆಂಟಿಮೀಟರ್. ಏಪ್ರಿಲ್ 25ರ ಆಸುಪಾಸಿನಲ್ಲಿ ನೆರಳೇ ಇರಲ್ಲ, ಸೂರ್ಯ ನೆತ್ತಿಗೆ ಬಂದಿರ್ತಾನೆ.

ಮೂಡಿಗೆರೆಯಿಂದ:

ಡಿಸೆಂಬರ್, ಜನವರಿಯಲ್ಲಿ ನಾವು ಕಾಫಿಯನ್ನು ಬಯಲು ಕಣದಲ್ಲೇ ಒಣಗಿಸ್ತೀವಿ. ವರ್ಷದ ಮೊದಲ ಗುಡುಗನ್ನು ನಾವು ಕಾಯೋದು ಫೆಬ್ರವರಿ ಕೊನೆ, ಮಾರ್ಚಿನ ಹೂಮಳೆ ಜೊತೆಗೆ. ಆ ಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅದನ್ನು ಮಗಳಿಗೆ ಒಮ್ಮೆ ತೋರಿಸಿ ಅಕ್ಕ, ಗುಡುಗಿನ ಜೊತೆ ಅವಳಿಗೆ ಇನ್ನೊಂದು ನೆನಪೂ ಸೇರಲಿ.

ಹುಬ್ಬಳ್ಳಿಯ ನಿವೃತ್ತ ಸೈನಿಕ:

"ಬರೋದೇ ಇಲ್ಲ" ಅಂತ ಮಾತ್ರ ಹೇಳಬ್ಯಾಡ್ರಿ. ನಾ ಪಂಜಾಬಿನ್ಯಾಗ ಇದ್ದಾಗ ಜನವರಿ ಚಳಿಯೊಳಗ ಗುಡುಗು, ಆಲಿಕಲ್ಲು ಎರಡೂ ನೋಡೀನಿ. ಮೆಡಿಟರೇನಿಯನ್ ಕಡೆಯಿಂದ ಬರೋ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರ ಅದಕ್ಕ. ನಮ್ಮ ಬೀದರ, ಕಲಬುರಗಿ ಕಡೆನೂ 2014ರ ಫೆಬ್ರವರಿ-ಮಾರ್ಚಿನ್ಯಾಗ ಆಲಿಕಲ್ಲು ಬಿದ್ದು ಪೈರು ಹಾಳಾಗಿತ್ತು. "ಭಾಳ ಅಪರೂಪ" ಅನ್ರಿ, ಅದು ಖರೇ ಮಾತು.

ಜಪಾನಿನ ಕಾನಜಾವಾದಿಂದ:

ನಾನಿರೋ ಊರಲ್ಲಿ ಲೆಕ್ಕವೇ ತಿರುಗುಮುರುಗು. ಇಲ್ಲಿ ಚಳಿಗಾಲದಲ್ಲೇ ಗುಡುಗು ಜಾಸ್ತಿ, ಹಿಮ ಬೀಳುವಾಗಲೂ ಮಿಂಚುತ್ತೆ. ಸೈಬೀರಿಯಾದ ಕೊರೆಯೋ ಗಾಳಿ ಬೆಚ್ಚಗಿನ ಸಮುದ್ರದ ಮೇಲೆ ಹಾದು ಬರುತ್ತೆ, ಆವಿ ಮೇಲೇಳುತ್ತೆ. ಈ ಗುಡುಗು ಕೇಳಿದರೆ ಬುರಿ ಅನ್ನೋ ಮೀನಿನ ಹಂಗಾಮು ಬಂತು ಅಂತ ಬೆಸ್ತರು ಖುಷಿಪಡ್ತಾರೆ, "ಬುರಿ ಎಬ್ಬಿಸೋ ಗುಡುಗು" ಅಂತಲೇ ಅದರ ಹೆಸರು. ಅಂದರೆ ಟೀಚರ್ ಹೇಳಿದ ಹಾಗೆ, ಕೆಳಗಿನ ಗಾಳಿ ಬೆಚ್ಚಗೆ, ಮೇಲಿನದು ತಣ್ಣಗೆ ಇರಬೇಕು. ಆ ಅಂತರ ನಮ್ಮೂರಲ್ಲಿ ಚಳಿಗಾಲಕ್ಕೆ ಸಾಲಲ್ಲ, ಇಲ್ಲಿ ಸಾಲುತ್ತೆ.

ತಿಪಟೂರು ಕಡೆಯ ತಾಯಿ:

ಎಲ್ಲರಿಗೂ ಕೈ ಮುಗಿದೆ. ಇವತ್ತು ಬೆಳಿಗ್ಗೆ ಹೊಗೆ ನೋಡಿದೆವು. ಅವಳು ಕತ್ತೆತ್ತಿ ಬಹಳ ಹೊತ್ತು ನಿಂತಿದ್ದು, "ಹೊಗೆಗೇ ಮೇಲೆ ಹೋಗಕ್ಕೆ ಆಗ್ತಿಲ್ಲ, ಮೋಡ ಹೆಂಗೆ ಹೋಗುತ್ತೆ" ಅಂದಳು. ಕೋಲಿನ ನೆರಳು 76 ಬಂತು, ಗೋಡೆ ಮೇಲೆ ಬರೆದಿಟ್ಟಿದ್ದಾಳೆ. ರಾತ್ರಿ ಪ್ರಶ್ನೆ ಬಂತು, ಆದರೆ ಸೆರಗು ಹಿಡಿಯಲಿಲ್ಲ. ಏಪ್ರಿಲ್‌ಗೆ ಏನು ತಯಾರಿ ಮಾಡಲಿ? ಆ ಸುಟ್ಟ ಮರ ಕಡಿಸೋದಾ, ಬಿಡೋದಾ?

ಹಾಸನದ ವಿಜ್ಞಾನ ಶಿಕ್ಷಕಿ:

ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಎಣಿಸೋದು ಕಲಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ಗಟ್ಟಿ ಮನೆಯ ಒಳಗಿರಬೇಕು. ಮರದಡಿ, ತೆರೆದ ಶೀಟಿನ ಚಪ್ಪರದಡಿ ಬೇಡ. ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತೆ.

ಅರಸೀಕೆರೆ ಕಡೆಯ ರೈತ:

ಕಡಿಸಿ ತಂಗಿ. ತೆಂಗಿಗೆ ಒಂದೇ ಸುಳಿ, ಅದು ಸುಟ್ಟರೆ ಮರ ಮತ್ತೆ ಚಿಗುರಲ್ಲ. ನಿಂತು ಕೊಳೆತರೆ ದುಂಬಿ, ಕೆಂಪುಮೂತಿ ಹುಳ ಸೇರಿ ಪಕ್ಕದ ಮರಕ್ಕೂ ಹಬ್ಬುತ್ತೆ. ಬುಡದ ಹತ್ತಿರ ಒಂದು ಗುಂಡಿ ತೆಗೆದಿಡಿ, ಮೊದಲ ಮಳೆಗೆ ಪಾಪು ಕೈಯಲ್ಲೇ ಸಸಿ ನೆಡಿಸಿ. ಸಸಿ ನಾನು ಕಳಿಸ್ತೀನಿ.