ಹಂಗೇರಿಯ ಸಣ್ಣ ಊರಲ್ಲಿ ನಾಲ್ಕು ದಿನ ಇರಬೇಕು, ಯಾವ ಊರು, ಯಾವಾಗ?

ಶಹಾಪುರದವಳು, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹಂಗೇರಿಯ ಮಿಶ್ಕೋಲ್ಟ್ಸ್‌ನಲ್ಲಿ ಓದುತ್ತಿದ್ದಾನೆ. ಮುಂದಿನ ಮಾರ್ಚ್-ಏಪ್ರಿಲ್‌ನಲ್ಲಿ ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತ ಇದೆ. ಬುಡಾಪೆಸ್ಟ್ ಬಗ್ಗೆ ಎಲ್ಲಿ ಬೇಕಾದರೂ ಮಾಹಿತಿ ಸಿಗುತ್ತದೆ, ನನಗೆ ಬೇಕಾಗಿರುವುದು ಹಳ್ಳಿ ಕಡೆಯದು. ಮನೆಯಲ್ಲಿ ನಾವು ಕಸೂತಿ ಕೆಲಸ ಮಾಡುತ್ತೇವೆ, ಇಳಕಲ್ ಸೀರೆಗೆ ಗೋಪುರ, ತೇರು, ಆನೆ ಎಲ್ಲಾ ಹಾಕಿ ಕೊಡುತ್ತೇವೆ, ಹಾಗಾಗಿ ಅಲ್ಲಿನ ಹೆಣ್ಣುಮಕ್ಕಳ ಹೊಲಿಗೆಯನ್ನು ಪಕ್ಕದಲ್ಲೇ ಕೂತು ನೋಡಬೇಕು ಅನ್ನುವ ಆಸೆ, ಜೊತೆಗೆ ಒಂದು ಹಬ್ಬವೂ ಸಿಕ್ಕರೆ ಇನ್ನೂ ಚಲೋ. ತಮ್ಮನನ್ನು ಕೇಳಿದರೆ "ಎಲ್ಲಾ ಊರೂ ಒಂದೇ ಥರ ಇವೆ ಅಕ್ಕಾ" ಅನ್ನುತ್ತಾನೆ. ಅವನಿಗೆ ಲ್ಯಾಬ್ ಬಿಟ್ಟರೆ ಏನೂ ಕಾಣಲ್ಲ.

ಹೊಲ್ಲೋಕೋ ಅನ್ನೋ ಊರಿನ ಈಸ್ಟರ್ ವಿಡಿಯೋ ನೋಡಿದೆ, ತುಂಬಾ ಇಷ್ಟ ಆಯಿತು. ಅಲ್ಲಿಗೇ ಹೋಗಲಾ? ಉಳಿಯಲು ಮನೆ ಸಿಗುತ್ತಾ? ಮತ್ತೆ ಮುಖ್ಯ ವಿಷಯ, ಅವ್ವ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊಟದ ಗತಿ ಏನು?

ಹಳೇ ಬಾಗಲಕೋಟೆ

ಹೊಲ್ಲೋಕೋ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಬುಡಾಪೆಸ್ಟ್‌ನಿಂದ ಸುಮಾರು ನೂರು ಕಿಲೋಮೀಟರ್, ಗುಡ್ಡದ ನಡುವೆ ಇದೆ. ಒಂದೇ ಒಂದು ಹಳೇ ಬೀದಿ, ಎರಡೂ ಕಡೆ ಸುಣ್ಣ ಬಳಿದ ಮನೆಗಳು, ಮುಂದೆ ಕಟ್ಟಿಗೆಯ ಪಡಸಾಲೆ, ಮೇಲೆ ಗುಡ್ಡದ ತುದಿಗೆ ಹದಿಮೂರನೇ ಶತಮಾನದ ಕೋಟೆ. 1909ರಲ್ಲಿ ಊರಿಗೆ ಬೆಂಕಿ ಬಿದ್ದು ಸುಟ್ಟುಹೋಗಿತ್ತು. ಜನ ಅದೇ ಹಳೇ ರೂಪದಲ್ಲಿ ಮತ್ತೆ ಕಟ್ಟಿಕೊಂಡರು. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈಸ್ಟರ್ ಸೋಮವಾರ ಗಂಡುಹುಡುಗರು ಹುಡುಗಿಯರನ್ನು ಬಾವಿ ಹತ್ತಿರ ಎಳೆದು ತಂದು ಬಕೆಟ್‌ಗಟ್ಟಲೆ ತಣ್ಣೀರು ಸುರಿಯುತ್ತಾರೆ. ಹುಡುಗಿಯರು ಏಳೆಂಟು ಪದರದ ಲಂಗ ಹಾಕಿಕೊಂಡಿರುತ್ತಾರೆ, ಅದು ನೆನೆದು ಭಾರ ಆಗಿ ಓಡಲಿಕ್ಕೂ ಆಗಲ್ಲ. ನೋಡಿದ ಕೂಡಲೇ ನಮ್ಮ ಹನುಮಪ್ಪನ ಗುಡಿ ಮುಂದಿನ ಓಕುಳಿ ನೆನಪಾಗುತ್ತದೆ. ಆದರೆ ನಮ್ಮಲ್ಲಿ ಹೆಣ್ಣುಮಕ್ಕಳು ಬಡಿಗೆ ಹಿಡಿದು ತಿರುಗಿ ಬಾರಿಸುತ್ತಾರೆ, ಇಲ್ಲಿ ನೀರು ಹಾಕಿದವನಿಗೇ ಬಣ್ಣದ ಮೊಟ್ಟೆ ಕೊಟ್ಟು ಕಳಿಸುತ್ತಾರೆ! ನನಗೇನೋ ನಮ್ಮದೇ ನ್ಯಾಯ ಅನ್ನಿಸುತ್ತದೆ.

ಈಗ ನಿಜ ಹೇಳುತ್ತೇನೆ. ಆ ದಿನ ಬೀದಿ ತುಂಬಾ ಕ್ಯಾಮೆರಾ. ಟಿಕೆಟ್ ಕೊಟ್ಟು ಒಳಗೆ ಬಿಡುತ್ತಾರೆ. ಹಳೇ ಬೀದಿಯ ಮನೆಗಳಲ್ಲಿ ಹೆಚ್ಚಿನವು ಈಗ ಮ್ಯೂಸಿಯಂ, ಕರಕುಶಲದ ಅಂಗಡಿ, ಇಲ್ಲವೇ ಅತಿಥಿಗಳಿಗೆ ಬಾಡಿಗೆ. ಹಾಗಾಗಿ ಉಳಿಯಲು ಮನೆ ಸಿಗುತ್ತದೆ, ಆದರೆ ಈಸ್ಟರ್‌ಗೆ ತಿಂಗಳುಗಟ್ಟಲೆ ಮೊದಲೇ ಹೋಗಿಬಿಡುತ್ತವೆ. ರೈಲು ಇಲ್ಲ, ಬಸ್ಸೇ ಗತಿ. ಇಡೀ ಊರಿನ ಜನಸಂಖ್ಯೆ ಮುನ್ನೂರರ ಆಸುಪಾಸು. ಹಬ್ಬದ ಗದ್ದಲದಲ್ಲಿ ನಿಮ್ಮ ಅವ್ವನ ಜೊತೆ ಕೂತು ಸೂಜಿ-ದಾರದ ಮಾತಾಡಲು ಅಲ್ಲಿ ಯಾರಿಗೂ ಪುರುಸೊತ್ತು ಇರಲ್ಲ.

ನಾಲ್ಕೆಳೆ_ಗವಂತಿ

ಅಕ್ಕಾ, ಕಸೂತಿಯವರು ಹೊಲ್ಲೋಕೋಗೆ ಯಾಕೆ ಹೋಗಬೇಕು? ಮೆಜೋಕೋವೆಶ್ಡ್‌ಗೆ ಹೋಗಿ. ಬುಡಾಪೆಸ್ಟ್-ಮಿಶ್ಕೋಲ್ಟ್ಸ್ ರೈಲು ಮಾರ್ಗದಲ್ಲೇ ಇದೆ, ನಿಮ್ಮ ತಮ್ಮ ಎಷ್ಟೋ ಸಲ ಅದನ್ನು ದಾಟಿ ಹೋಗಿರುತ್ತಾನೆ, ಒಮ್ಮೆಯೂ ಇಳಿದಿರಲ್ಲ. ಅಲ್ಲಿನ ಮತ್ಯೋ ಜನರ ಕಸೂತಿ 2012ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ.

ನಮ್ಮದು ಎಳೆ ಎಣಿಸಿ ಹಾಕುವುದು ಅಲ್ವಾ, ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಎಳೆದರೆ ನಮ್ಮಜ್ಜಿ ಬೈಯುತ್ತಿದ್ದಳು. ಅವರದು ಪೂರ್ತಿ ಉಲ್ಟಾ. ಮೊದಲು ಒಬ್ಬಾಕೆ ಬಟ್ಟೆ ಮೇಲೆ ಕೈಯಿಂದಲೇ ಹೂವು ಬಿಡಿಸುತ್ತಾಳೆ, ಆಮೇಲೆ ಬೇರೆಯವರು ಒತ್ತೊತ್ತಾಗಿ ದಾರ ತುಂಬುತ್ತಾರೆ. ಹಾಗೆ ಬಿಡಿಸುವುದೇ ಅಲ್ಲಿ ಒಂದು ಕಸುಬು. ಅದರಲ್ಲಿ ದೊಡ್ಡ ಹೆಸರು ಬೋರಿ ಕಿಶ್‌ಯಾಂಕೋ, 1876ರಲ್ಲಿ ಹುಟ್ಟಿ 1954ರಲ್ಲಿ ತೀರಿಕೊಂಡಾಕೆ. ಆಕೆಯ ಹುಲ್ಲು ಹೊದಿಸಿದ ಮನೆ ಹದಾಶ್ ಅನ್ನುವ ಹಳೇ ಓಣಿಯಲ್ಲಿದೆ, ಈಗ ಮ್ಯೂಸಿಯಂ. ಸುತ್ತಮುತ್ತಲಿನ ಹಳೇ ಮನೆಗಳಲ್ಲೇ ಕುಶಲಕರ್ಮಿಗಳು ಕೂತು ಕೆಲಸ ಮಾಡುತ್ತಾರೆ. ಕಪ್ಪು ಬಟ್ಟೆ ಮೇಲೆ ಕೆಂಪು ಗುಲಾಬಿ, ಪಕ್ಕದಲ್ಲಿ ಹಳದಿ, ನೀಲಿ, ಹಸಿರು, ಬಟ್ಟೆಯೇ ಕಾಣದಷ್ಟು ದಾರ. ಹತ್ತಿರದಿಂದ ನೋಡಿದರೆ ಗುಲಾಬಿಯ ಒಂದೊಂದು ಪದರಕ್ಕೂ ಕೆಂಪು ಬೇರೆ.

ಅಲ್ಲಿ ಒಂದು ಕಥೆ ಹೇಳುತ್ತಾರೆ. ದೆವ್ವ ಒಬ್ಬ ಹುಡುಗನನ್ನು ಹೊತ್ತುಕೊಂಡು ಹೋಯಿತಂತೆ. ಅವನನ್ನು ಮದುವೆ ಆಗಬೇಕಿದ್ದವಳು ಹೋಗಿ ಬೇಡಿಕೊಂಡಾಗ, ಬೇಸಿಗೆಯ ಒಳ್ಳೊಳ್ಳೆ ಹೂವು ಮಡಿಲಲ್ಲಿ ತುಂಬಿಕೊಂಡು ಬಾ, ಬಿಡುತ್ತೇನೆ ಅಂದಿತಂತೆ. ಆಗ ಗಟ್ಟಿ ಚಳಿಗಾಲ. ಅವಳು ಸೆರಗಿನಂತೆ ಕಟ್ಟುವ ಏಪ್ರನ್ ಮೇಲೆ ಹೂವು ಹೊಲಿದುಕೊಂಡು ಹೋದಳು. ಅಲ್ಲಿ ಹುಡುಗರೂ ಹೂವಿನ ಏಪ್ರನ್ ಕಟ್ಟುತ್ತಾರೆ, ನಗಬೇಡಿ, ಹಬ್ಬದ ಉಡುಪೇ ಅದು. ಇದರ ಹುಚ್ಚು ಎಷ್ಟಿತ್ತು ಅಂದರೆ, ಕೂಲಿಗೆ ಹೋಗುವ ಮನೆಯವರೂ ಬಟ್ಟೆಯ ಜರಿ-ಮಿನುಗಿಗೆ ಸಾಲ ಮಾಡುತ್ತಿದ್ದರು. ಕೊನೆಗೆ 1920ರ ದಶಕದಲ್ಲಿ ಚರ್ಚಿನವರೇ ಮುಂದೆ ನಿಂತು ಆ ಮಿನುಗನ್ನೆಲ್ಲಾ ಸುಡಿಸಿದರು.

ಅಲ್ಲಿ ಮೂರು ರಾತ್ರಿ ಇರಿ. ಊರಿಗೆ ಹತ್ತಿಕೊಂಡೇ ಬಿಸಿನೀರಿನ ಬುಗ್ಗೆಯ ಸ್ನಾನದ ಜಾಗ ಇದೆ, ಅವ್ವನ ಮೊಣಕಾಲಿಗೂ ಆಯಿತು.

ಗೋಳಗುಮ್ಮಟದ ಪಾರಿವಾಳ

ಇಬ್ಬರೂ ಮೊಹಾಚ್ ಊರಿನ ಹೆಸರೇ ಎತ್ತಲಿಲ್ಲ! ಹಬ್ಬ ಅಂದರೆ ಅಲ್ಲಿನದು. ಫೆಬ್ರುವರಿ ಆಸುಪಾಸು, ಚಳಿ ಓಡಿಸಲು ಕಟ್ಟಿಗೆಯ ಮುಖವಾಡ, ಕುರಿ ಚರ್ಮ ಹಾಕಿಕೊಂಡು ಕುಣಿಯುತ್ತಾರೆ. ಹೆಸರು ಬುಶೋಯಾರಾಶ್. ಆರು ದಿನ ನಡೆಯುತ್ತದೆ, ಕೊನೆಯ ದಿನ ಚಳಿಗಾಲದ ಶವಪೆಟ್ಟಿಗೆಯನ್ನೇ ಸುಡುತ್ತಾರೆ. 1526ರಲ್ಲಿ ತುರ್ಕರು ಗೆದ್ದ ಯುದ್ಧ ನಡೆದಿದ್ದೂ ಅಲ್ಲೇ, ಮುಖವಾಡ ಹಾಕಿ ತುರ್ಕರನ್ನು ಹೆದರಿಸಿ ಓಡಿಸಿದೆವು ಅಂತ ಊರವರು ಈಗಲೂ ಕಥೆ ಕಟ್ಟುತ್ತಾರೆ.

ನಾಲ್ಕೆಳೆ_ಗವಂತಿ

ಅವರು ಕೇಳಿದ್ದು ಮಾರ್ಚ್-ಏಪ್ರಿಲ್, ಜೊತೆಗೆ ಅವ್ವ ಇರುತ್ತಾರೆ. ಫೆಬ್ರುವರಿ ಚಳಿಯಲ್ಲಿ ಬೀದಿಯಲ್ಲಿ ನಿಲ್ಲಿಸುತ್ತೀರಾ ಸರ್?

ಸವದತ್ತಿ ಸೊಸೆ

ಊಟದ ವಿಷಯ ನಾನು ಹೇಳುತ್ತೇನೆ, ನಮ್ಮತ್ತೆಯನ್ನು ಕರೆದುಕೊಂಡು ಓಡಾಡಿದವಳು. ಮೆನುವಿನಲ್ಲಿ ಮಾಂಸ ಇಲ್ಲದ್ದೆಲ್ಲಾ ಸಸ್ಯಾಹಾರ ಅಂದುಕೊಳ್ಳಬೇಡಿ. ಹಂದಿ ಕೊಬ್ಬಿನಲ್ಲಿ ಒಗ್ಗರಣೆ ಹಾಕುವುದು ಅಲ್ಲಿ ಮಾಮೂಲು, ಅದಕ್ಕೆ "ಜೀರ್" ಅನ್ನುತ್ತಾರೆ, ಇದೆಯಾ ಅಂತ ಕೇಳಿ. ಕರಿದ ಚೀಸ್ ಎಲ್ಲಾ ಕಡೆ ಸಿಗುತ್ತದೆ, ಆದರೆ ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ನೂಡಲ್ಸ್‌ನಲ್ಲೂ ಮೊಟ್ಟೆ. ಲಾಂಗೋಶ್ ಅಂತ ಅಗಲವಾದ ಕರಿದ ರೊಟ್ಟಿ, ಮೇಲೆ ಬೆಳ್ಳುಳ್ಳಿ ನೀರು, ಹುಳಿ ಕೆನೆ, ಚೀಸ್. ಯಾವುದರಲ್ಲಿ ಕರಿದರು ಅಂತ ಕೇಳಿ ತಿನ್ನಿ. ಫೋಜೆಲೇಕ್ ಅನ್ನುವುದು ತರಕಾರಿಯ ಗಟ್ಟಿ ಪಲ್ಯ, ಆಲೂಗಡ್ಡೆಯದು, ಬಟಾಣಿಯದು ಚೆನ್ನಾಗಿರುತ್ತದೆ, ಮೇಲೆ ಮಾಂಸದ ತುಂಡು ಇಡಬೇಡಿ ಅಂತ ಮೊದಲೇ ಹೇಳಿ.

ಇಷ್ಟೆಲ್ಲಾ ತಲೆಬಿಸಿ ಬೇಡ ಅಂದರೆ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಜೋಳದ ಹಿಟ್ಟು, ಶೇಂಗಾ ಚಟ್ನಿ ಒಯ್ಯಿರಿ. ತುಪ್ಪ, ಮೊಸರು, ಪೇಡಾ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟ ಬಿಡಲ್ಲ. ಗುಡ್ ಫ್ರೈಡೆ ಮತ್ತು ಈಸ್ಟರ್ ಸೋಮವಾರ ಎರಡೂ ಸರ್ಕಾರಿ ರಜೆ, ಅಂಗಡಿ ಬಾಗಿಲು ಹಾಕಿರುತ್ತವೆ. ತರಕಾರಿ ಗುರುವಾರವೇ ತಂದಿಡಿ. ಉಳಿಯುವ ಮನೆಯವರು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿಕೊಳ್ಳುತ್ತಾರೆ, ಅದು ಕಾನೂನು, ಗಾಬರಿ ಆಗಬೇಡಿ.

ಶಹಾಪುರದವಳು, ಬೆಳಗಾವಿ

ಎಲ್ಲರಿಗೂ ಥ್ಯಾಂಕ್ಸ್. ಮೆಜೋಕೋವೆಶ್ಡ್ ಪಕ್ಕಾ. ಅವ್ವನಿಗೆ ದೆವ್ವದ ಕಥೆ ಓದಿ ಹೇಳಿದೆ, "ಹುಡುಗಿ ಜಾಣಿ, ಆದರೆ ಒಂದೇ ರಾತ್ರಿಗೆ ಅಷ್ಟು ಹೊಲಿಯೋಕೆ ಆಗಲ್ಲ" ಅಂದಳು. ಈಸ್ಟರ್‌ಗೆ ಹೊಲ್ಲೋಕೋ ಒಂದು ದಿನ ಹೋಗಿ ಬರಬಹುದಾ? ವೀಸಾ ಎಲ್ಲಿ ಮಾಡಿಸುವುದು?

ಹಳೇ ಬಾಗಲಕೋಟೆ

ಹೋಗಿ ಬನ್ನಿ, ಆದರೆ ರಜೆ ದಿನ ಬಸ್ಸು ಕಡಿಮೆ. ತಮ್ಮನ ಗೆಳೆಯರಲ್ಲಿ ಕಾರು ಇರುವವರನ್ನು ಹುಡುಕಲು ಹೇಳಿ. ಹಬ್ಬ ಮುಗಿದ ಮೇಲೆ ಬುಧವಾರದಿಂದ ಮೆಜೋಕೋವೆಶ್ಡ್ ಇಟ್ಟುಕೊಳ್ಳಿ. ಸೋಮವಾರ ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ, ಹೆಚ್ಚು ದಿನ ಇರುವುದು ಹಂಗೇರಿಯಲ್ಲೇ ಆದ್ದರಿಂದ ಅಲ್ಲಿಗೇ ಅರ್ಜಿ. ದೊಡ್ಡವರಿಗೆ 90 ಯೂರೋ ಶುಲ್ಕ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಬೆಂಗಳೂರಿಗೋ ಮುಂಬೈಗೋ ಹೋಗಬೇಕು, ಅವ್ವನೂ ಬರಬೇಕು.

ನಾಲ್ಕೆಳೆ_ಗವಂತಿ

ನಿಮ್ಮ ಕೆಲಸದ ಒಂದು ತುಂಡು ತಪ್ಪದೇ ಒಯ್ಯಿರಿ, ಅರ್ಧ ಹೊಲಿದದ್ದೇ ಆಗಲಿ. ಭಾಷೆ ಬರದಿದ್ದರೂ ಬಟ್ಟೆ ತಿರುಗಿಸಿ ಹಿಂಬದಿ ತೋರಿಸಿದರೆ ಸಾಕು, ಎರಡೂ ಕಡೆ ಒಂದೇ ಥರ ಕಾಣುವ ನಮ್ಮ ಗವಂತಿ ಹೊಲಿಗೆ ನೋಡಿ ಅವರೇ ಕುರ್ಚಿ ಎಳೆದು ಕೊಡುತ್ತಾರೆ. ಕತ್ತರಿ ಮಾತ್ರ ದೊಡ್ಡ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿಟ್ಟರೆ ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ.