ಜರ್ಮೇನಿಯಂ ಫಜ್: ಮನೆಯಲ್ಲಿ ಸೂಪರ್, ಜ್ಯಾಮ್ ರೂಮ್‌ನಲ್ಲಿ ಡಬ್ಬಾ. ಯಾರಾದರೂ ಸಹಾಯ ಮಾಡಿ

ತಂತಿ_ಮಾರಯ್ಯ:
ತಲೆ ಕೆಟ್ಟುಹೋಗಿದೆ. ಒಬ್ಬ ಸಣ್ಣ ಪೆಡಲ್ ಬಿಲ್ಡರ್ ಹತ್ತಿರ ಹೇಳಿ ಮಾಡಿಸಿದ ಫಜ್ ಇದು, ಗಿಟಾರ್ ಸದ್ದನ್ನು ಒಡೆದು ಒರಟು ಮಾಡುವ ಪೆಡಲ್. ಎರಡು ನಾಬ್, ಫಜ್ ಫೇಸ್ ಅನ್ನೋ ಹಳೇ ಪೆಡಲ್‌ನ ಸರ್ಕ್ಯೂಟ್, ಜರ್ಮೇನಿಯಂ ಟ್ರಾನ್ಸಿಸ್ಟರ್. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆದರೆ ಮನೆಯವರು ಓದಿಬಿಡುತ್ತಾರೆ, ಬಿಡಿ. ಮನೆಯಲ್ಲಿ ನುಡಿಸಿದರೆ ಸೊಗಸು. ಗಿಟಾರ್ ವಾಲ್ಯೂಮ್ 6ಕ್ಕೆ ಇಳಿಸಿದರೆ ತಿಳಿಯಾಗಿ ಕ್ಲೀನ್ ಆಗುತ್ತದೆ. ಅದನ್ನೇ ಜ್ಯಾಮ್ ರೂಮ್‌ಗೆ ತೆಗೆದುಕೊಂಡು ಹೋದರೆ ಕಿವಿ ಚುಚ್ಚುವ ಟ್ರೆಬಲ್, ದಪ್ಪ ತಂತಿಗಳಲ್ಲಿ ದಮ್ಮೇ ಇಲ್ಲ, ವಾಲ್ಯೂಮ್ ಇಳಿಸಿದರೆ ಸದ್ದು ಕಡಿಮೆಯಾಗುತ್ತದೆಯೇ ಹೊರತು ಫಜ್ ಬಿಡುವುದಿಲ್ಲ, ಡಬ್ಬದಲ್ಲಿ ಸಿಕ್ಕಿಕೊಂಡ ಜೇನುನೊಣದ ಥರ ಗುಂಯ್ ಅನ್ನುತ್ತಲೇ ಇರುತ್ತದೆ. ಉಳಿದ ಪೆಡಲ್‌ಗಳೆಲ್ಲ ಎರಡೂ ಕಡೆ ಸರಿಯಾಗಿವೆ. ಬಿಲ್ಡರ್‌ಗೆ ಮೆಸೇಜ್ ಹಾಕಿದರೆ "ಚೆಕ್ ಮಾಡಿಯೇ ಕಳಿಸಿದ್ದು" ಅನ್ನುತ್ತಾರೆ. ಏನು ಮಾಡೋದು?

ಸೋಲ್ಡರ್_ಸುಬ್ಬಿ:
ಫಜ್‌ಗಿಂತ ಮೊದಲು ಟ್ಯೂನರ್ ಇದೆಯಾ? ಬಾಸ್ ಟಿಯು-3 ಟ್ಯೂನರ್ ಥರ ಬಫರ್ (ಸಿಗ್ನಲ್ ಕುಗ್ಗದಂತೆ ಬಲ ಕೊಟ್ಟು ಮುಂದೆ ಕಳಿಸುವ ಸರ್ಕ್ಯೂಟ್) ಇರುವ ಪೆಡಲ್ ಏನಾದರೂ ಮೊದಲಿದ್ದರೆ ಹೀಗೇ ಆಗುತ್ತದೆ. ಗಿಟಾರ್ ಯಾವುದು, ಪವರ್ ಯಾವುದು, ಬೋರ್ಡ್‌ನಲ್ಲಿ ಪೆಡಲ್‌ಗಳ ಆರ್ಡರ್ ಏನು, ಪೂರ್ತಿ ಬರೆಯಿರಿ.

ತಂತಿ_ಮಾರಯ್ಯ:
ಫಜ್ ಮೊದಲು, ಆಮೇಲೆ ಟ್ಯೂನರ್. ಅಷ್ಟು ಗೊತ್ತು ಸಾರ್. ಎರಡೂ ಕಡೆ ಬ್ಯಾಟರಿ. ಗಿಟಾರ್ ಅದೇ, ಸ್ಟ್ರಾಟ್. ಆಂಪ್ ಮಾತ್ರ ಬೇರೆ, ಆದರೆ ಓವರ್‌ಡ್ರೈವ್ ಎಲ್ಲಾ ಅದರಲ್ಲಿ ಚೆನ್ನಾಗಿ ಕೇಳುತ್ತದೆ.

ಸೋಲ್ಡರ್_ಸುಬ್ಬಿ:
ಸಾರ್ ಅಲ್ಲ, ಮೇಡಂ. ಬ್ಯಾಟರಿ ಅಂದರೆ ಪವರ್ ಮೇಲೆ ಅನುಮಾನ ಇಲ್ಲ. ಯೋಚಿಸುತ್ತೇನೆ.

ಜರ್ಮೇನಿಯಂ_ಜಗ್ಗ:
ಯೋಚಿಸೋದು ಏನಿದೆ? ಇದು ಟೆಂಪರೇಚರ್. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಶಾಖ 10 ಡಿಗ್ರಿ ಏರಿದರೆ ಲೀಕೇಜ್, ಅಂದರೆ ಸುಮ್ಮನೆ ಸೋರುವ ಕರೆಂಟ್, ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬಯಾಸ್ (ಟ್ರಾನ್ಸಿಸ್ಟರ್ ಸರಿಯಾಗಿ ಕೆಲಸ ಮಾಡಲು ಬೇಕಾದ ವೋಲ್ಟೇಜ್) ಜರುಗುತ್ತದೆ, ಟೋನ್ ಸಾಯುತ್ತದೆ. ಇದಕ್ಕೇ ಅಲ್ವಾ ಅನಲಾಗ್ ಮ್ಯಾನ್ ಕಂಪನಿ ತನ್ನ ಸನ್ ಫೇಸ್ ಫಜ್‌ನಲ್ಲಿ ಸನ್‌ಡಯಲ್ ಅಂತ ಬಯಾಸ್ ನಾಬ್ ಕೊಡೋದು? ನುಡಿಸುವ ಮುಂಚೆ ಹತ್ತು ನಿಮಿಷ ಪೆಡಲ್ ಫ್ರಿಜ್‌ನಲ್ಲಿಡಿ. ಆಮೇಲೆ ನನ್ನನ್ನು ನೆನೆಸಿಕೊಳ್ಳಿ.

ಕ್ಲೀನ್‌ಬೂಸ್ಟ್_ಕಿಟ್ಟಿ:
ಫ್ರಿಜ್‌ನಲ್ಲಿಡಬೇಡಿ ಗುರು. ಹೊರಗೆ ತೆಗೆದ ತಕ್ಷಣ ಒಳಗೆಲ್ಲ ನೀರು ಕೂರುತ್ತದೆ. ಪಾಟ್ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್) ಕರಕರ ಅನ್ನೋಕೆ ಶುರುವಾದರೆ ಜಗ್ಗಣ್ಣ ಬಂದು ಬದಲಾಯಿಸುತ್ತಾರಾ?

ಜರ್ಮೇನಿಯಂ_ಜಗ್ಗ:
ಜಿಪ್ ಕವರ್‌ಗೆ ಹಾಕಿ ಇಡೋದು ಕಿಟ್ಟಿ. ಇದನ್ನೂ ಹೇಳಿಕೊಡಬೇಕಾ?

ತಂತಿ_ಮಾರಯ್ಯ:
ಒಂದು ನಿಮಿಷ. ಜ್ಯಾಮ್ ರೂಮ್‌ನಲ್ಲಿ ಏರ್ ಕಂಡೀಷನರ್ ಇದೆ. ಸೆಕೆ ಇರೋದು ನಮ್ಮ ಮನೆಯಲ್ಲಿ.

ಜರ್ಮೇನಿಯಂ_ಜಗ್ಗ:
ಹಾಗಾದರೆ ಟ್ಯೂಬ್ ಆಂಪ್ ಮೇಲೆ ಇಟ್ಟಿರುತ್ತೀರಿ. ಅದರ ಬಿಸಿ.

ತಂತಿ_ಮಾರಯ್ಯ:
ನೆಲದ ಮೇಲೆ ಇರುತ್ತದೆ. ಕಾಲಲ್ಲಿ ಒತ್ತೋದು.

ಜರ್ಮೇನಿಯಂ_ಜಗ್ಗ:
ತೀರಾ ತಣ್ಣಗಾದರೂ ಬಯಾಸ್ ಜರುಗುತ್ತದೆ. ಎರಡೂ ಕಡೆ ಶಾಖವೇ ಕಾರಣ. ಮೀಟರ್ ಇದ್ದರೆ ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಾಲಿನ ವೋಲ್ಟೇಜ್ ಅಳೆಯಿರಿ, 4.5 ವೋಲ್ಟ್ ಆಸುಪಾಸು ಇರಬೇಕು. ಹಳೇ ಸರ್ಕ್ಯೂಟ್‌ನಲ್ಲಿ 8.2ಕೆ ರೆಸಿಸ್ಟರ್ ಇರುವ ಜಾಗಕ್ಕೆ ಈಗ ಎಲ್ಲರೂ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕುತ್ತಾರೆ. ಚಿಕ್ಕ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿ ನೋಡಿ.

ಎಸ್‌ಪಿ_ರೋಡ್_ಸೀನ:
ಟ್ರಾನ್ಸಿಸ್ಟರ್ ಯಾವುದು ಅಂತ ಯಾರೂ ಕೇಳಲೇ ಇಲ್ಲ. ಎಸಿ128 ಆಗಿದ್ದರೆ ಹಾಗೇ ಬಿಡಬೇಡಿ, ಒಂದೊಂದೇ ಅಳೆದು ನೋಡಿ. ಮೊದಲನೆಯದು ಗೇನ್ 70-80, ಎರಡನೆಯದು 110-130, ಲೀಕೇಜ್ ಕಡಿಮೆ. ಹಾಗೆ ಜೋಡಿ ಸಿಗೋದೇ ಕಷ್ಟ. ನನ್ನ ಹತ್ತಿರ ನಮ್ಮ ಬಿಇಎಲ್‌ದೇ ಎಸಿ128 ಒಂದು ಡಬ್ಬ ಇದೆ, ರೇಡಿಯೋ ರಿಪೇರಿ ಅಂಗಡಿ ಮುಚ್ಚುವಾಗ ತೂಕಕ್ಕೆ ಕೊಟ್ಟರು. ಅರ್ಧಕ್ಕರ್ಧ ಕಸ, ಆದರೆ ಒಳ್ಳೆಯದು ಸಿಕ್ಕಿದರೆ ಹಾಡುತ್ತದೆ. ಬ್ಯಾಟರಿ ಕೂಡ ನೋಡಿ. ಆಲ್ಕಲೈನ್ ಬೇಡ. ಆಟದ ಸಾಮಾನಿಗೆ ಹಾಕುವ ಅಗ್ಗದ ಕಾರ್ಬನ್ ಜಿಂಕ್ 9 ವೋಲ್ಟ್ ಹಾಕಿ. ಹೊರದೇಶದಲ್ಲಿ ಫಜ್‌ನವರು ಹುಡುಕಿಕೊಂಡು ಹೋಗುವ ಬ್ಯಾಟರಿ ನಮಗೆ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತದೆ.

ಕ್ಲೀನ್‌ಬೂಸ್ಟ್_ಕಿಟ್ಟಿ:
ಸೀನಣ್ಣ ಆ ಡಬ್ಬ ಮಾರುತ್ತೀರಾ?

ಎಸ್‌ಪಿ_ರೋಡ್_ಸೀನ:
ಇಲ್ಲ.

ತಂತಿ_ಮಾರಯ್ಯ:
ಅಳೆದೆ. ಮನೆಯಲ್ಲಿ ಮೈನಸ್ 4.6, ಜ್ಯಾಮ್ ರೂಮ್‌ನಲ್ಲಿ ಮೈನಸ್ 4.7. ಅಳೆಯುವ ಹೊತ್ತಿಗೂ ಸೌಂಡ್ ಹಾಳಾಗಿಯೇ ಇತ್ತು.

ಸೋಲ್ಡರ್_ಸುಬ್ಬಿ:
ಮೈನಸ್ ಬಂದಿದೆ ಅಂದರೆ ಟ್ರಾನ್ಸಿಸ್ಟರ್ ಪಿಎನ್‌ಪಿ ಜಾತಿಯದು, ಪಾಸಿಟಿವ್ ಗ್ರೌಂಡ್, ಅಂದರೆ ಬ್ಯಾಟರಿಯ ಪ್ಲಸ್ಸೇ ಗ್ರೌಂಡ್. ರೀಡಿಂಗ್ ಎರಡೂ ಕಡೆ ಚೆನ್ನಾಗಿದೆ. ಪೆಡಲ್‌ಗೆ ಏನೂ ಆಗಿಲ್ಲ. ಟ್ರಿಮ್ಮರ್ ಮುಟ್ಟಬೇಡಿ. ಜಗ್ಗಣ್ಣ, ಟೆಂಪರೇಚರ್ ವಿಷಯ ಇಲ್ಲಿಗೆ ಸಾಕು.

ಜರ್ಮೇನಿಯಂ_ಜಗ್ಗ:
ಪಾಯಿಂಟ್ ಒಂದು ವೋಲ್ಟ್ ವ್ಯತ್ಯಾಸ ಬಂತಲ್ಲ?

ಕ್ಲೀನ್‌ಬೂಸ್ಟ್_ಕಿಟ್ಟಿ:
😂 ನನ್ನ ಪ್ರಕಾರ ಬೋರ್ಡ್‌ನಲ್ಲಿರುವ ಬಫರ್‌ಗಳನ್ನೆಲ್ಲ ಮೊದಲು ಕಿತ್ತುಹಾಕಿ. ನನ್ನ ಬೋರ್ಡ್ ಪೂರ್ತಿ ಟ್ರೂ ಬೈಪಾಸ್, ಪೆಡಲ್ ಆಫ್ ಇದ್ದಾಗ ಸಿಗ್ನಲ್ ಸರ್ಕ್ಯೂಟ್ ಮುಟ್ಟದೆ ನೇರ ಹೋಗುತ್ತದೆ. ಎಲ್ಲಾ ಹ್ಯಾಂಡ್‌ಮೇಡ್, ಪಾಯಿಂಟ್ ಟು ಪಾಯಿಂಟ್ ವೈರಿಂಗ್, ಒಂದರಲ್ಲೂ ಪಿಸಿಬಿ (ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್) ಇಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಎಸ್‌ಪಿ_ರೋಡ್_ಸೀನ:
ಪಿಸಿಬಿ ಇಲ್ಲದಿದ್ದರೆ ಸೌಂಡ್ ಚೆನ್ನಾಗಿರುತ್ತೆ ಅಂತ ಯಾರು ಹೇಳಿದ್ದು? ಪೂರ್ತಿ ಟ್ರೂ ಬೈಪಾಸ್ ಹಾಕಿ ಆಂಪ್‌ವರೆಗೆ ಉದ್ದ ಕೇಬಲ್ ಎಳೆಯಿರಿ, ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಲೆಕ್ಕದಲ್ಲಿ ಟ್ರೆಬಲ್ ಎಲ್ಲಿಗೆ ಹೋಗುತ್ತೆ ಅಂತ ಕೇಳಿಸಿಕೊಳ್ಳಿ. ಎಲ್ಲರೂ ಪೂಜೆ ಮಾಡುವ ಕ್ಲಾನ್ ಸೆಂಟಾರ್ ಓವರ್‌ಡ್ರೈವ್ ಪೆಡಲ್‌ನಲ್ಲೇ ಬಫರ್ ಇದೆ, ಟ್ರೂ ಬೈಪಾಸ್ ಅಲ್ಲ. ಅದು ಬಂದ 1994ರಿಂದ ಇದೇ ಕಥೆ.

ಕ್ಲೀನ್‌ಬೂಸ್ಟ್_ಕಿಟ್ಟಿ:
ಕ್ಲಾನ್ ವಿಷಯ ಬೇರೆ ಅಣ್ಣ. ಸುಮ್ನೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಫ್ರೀಮಾಂಟ್_ಫಣಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾರಯ್ಯನವರೇ, ಜ್ಯಾಮ್ ರೂಮ್‌ನಲ್ಲಿ ಗಿಟಾರ್‌ನಿಂದ ಫಜ್‌ಗೆ ಎಷ್ಟು ಉದ್ದದ ಕೇಬಲ್? ಮನೆಯದೇ ಕೇಬಲ್ಲಾ?

ತಂತಿ_ಮಾರಯ್ಯ:
ಅಲ್ಲಿ ಕೇಬಲ್ ಇಲ್ಲ. ವೈರ್‌ಲೆಸ್. ಗಿಟಾರ್‌ಗೆ ಒಂದು ಪ್ಲಗ್, ಬೋರ್ಡ್‌ಗೆ ಒಂದು. ಕೇಬಲ್ ಬದಲಿಗೆ ಅಷ್ಟೇ, ಅದು ಪೆಡಲ್ ಅಲ್ಲವಲ್ಲ.

ಸೋಲ್ಡರ್_ಸುಬ್ಬಿ:
ಅಯ್ಯೋ ರಾಮ. ಆರ್ಡರ್ ಪೂರ್ತಿ ಬರೆಯಿರಿ ಅಂತ ಮೊದಲನೇ ದಿನವೇ ಕೇಳಿದೆನಲ್ಲ ಮಾರಾಯ್ರೇ!

ಫ್ರೀಮಾಂಟ್_ಫಣಿ:
ಸಿಕ್ಕಿತು. ಫಜ್ ಫೇಸ್‌ನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತುಂಬಾ ಕಡಿಮೆ, ಕೆಲವೇ ಕಿಲೋ ಓಮ್. ಸಾಮಾನ್ಯ ಪೆಡಲ್‌ಗಳಲ್ಲಿ ಇದು ನೂರಾರು ಕಿಲೋ ಓಮ್‌ನಿಂದ ಒಂದು ಮೆಗಾ ಓಮ್‌ವರೆಗೆ ಇರುತ್ತದೆ, ಅದಕ್ಕೇ ನಿಮ್ಮ ಓವರ್‌ಡ್ರೈವ್‌ಗೆ ಏನೂ ಆಗಲಿಲ್ಲ. ನೇರ ಕೇಬಲ್ ಹಾಕಿದಾಗ ಗಿಟಾರ್‌ನ ಪಿಕಪ್ ಕಾಯಿಲ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿ) ಕೂಡ ಫಜ್ ಸರ್ಕ್ಯೂಟ್‌ನ ಒಂದು ಭಾಗ ಆಗಿಬಿಡುತ್ತದೆ. ಕಾಯಿಲ್‌ನ ಇಂಡಕ್ಟೆನ್ಸ್ ಕೆಲವು ಹೆನ್ರಿ, ಅದು ಟ್ರೆಬಲ್ ತಡೆಯುತ್ತದೆ. ವಾಲ್ಯೂಮ್ 6ಕ್ಕೆ ಇಳಿಸಿದಾಗ ನಿಮ್ಮ 250ಕೆ ಪಾಟ್‌ನಿಂದ ಹತ್ತಾರು ಕಿಲೋ ಓಮ್ ಫಜ್ ಜೊತೆ ಸೀರೀಸ್‌ನಲ್ಲಿ ಕೂರುತ್ತದೆ. ನಿಮಗೆ ಇಷ್ಟವಾದ ಆ ಕ್ಲೀನ್ ಬರುವುದು ಅಲ್ಲಿಂದ. ವೈರ್‌ಲೆಸ್ ರಿಸೀವರ್‌ನ ಔಟ್‌ಪುಟ್ ಬಫರ್ ಇದ್ದ ಹಾಗೇ, ಲೋ ಇಂಪೀಡೆನ್ಸ್. ಅದು ಮಧ್ಯೆ ಬಂದರೆ ಫಜ್‌ಗೆ ಪಿಕಪ್ಪೂ ಕಾಣುವುದಿಲ್ಲ, ಪಾಟೂ ಕಾಣುವುದಿಲ್ಲ. ಬರೀ ಸಿಗ್ನಲ್ ಜೋರಾಗಿ ನುಗ್ಗುತ್ತದೆ. ಮುಂದಿನ ಸಲ ಒಂದು ಮಾಮೂಲಿ ಕೇಬಲ್ ಹಾಕಿ ನೋಡಿ.

ತಂತಿ_ಮಾರಯ್ಯ:
ಹಾಕಿದೆ. ಮನೆಯಲ್ಲಿ ಹೇಗಿತ್ತೋ ಹಾಗೇ ಬಂತು. ಆದರೆ ನಾನು ವೈರ್‌ಲೆಸ್ ಬಿಡಲ್ಲ, ಹಾಡುವಾಗ ಆ ಕಡೆ ಈ ಕಡೆ ಓಡಾಡಬೇಕು. ವೈರ್‌ಲೆಸ್‌ನಲ್ಲೇ ಕೇಬಲ್ ಟೋನ್ ಅಂತ ಒಂದು ಸೆಟ್ಟಿಂಗ್ ಇದೆ, ಆನ್ ಮಾಡಿದರೆ ಟ್ರೆಬಲ್ ಸ್ವಲ್ಪ ಇಳಿಯುತ್ತದೆ, ಕ್ಲೀನ್ ಮಾತ್ರ ಬರಲಿಲ್ಲ.

ಸೋಲ್ಡರ್_ಸುಬ್ಬಿ:
ಬರಲ್ಲ. ಅದು ಉದ್ದ ಕೇಬಲ್‌ನ ಕೆಪ್ಯಾಸಿಟೆನ್ಸ್ ನಕಲು ಮಾಡುತ್ತದೆ, ಇಂಪೀಡೆನ್ಸ್ ಬದಲಾಗುವುದಿಲ್ಲ. ಒಂದು ಪುಟ್ಟ ಡಬ್ಬ ಮಾಡಿಕೊಳ್ಳಿ. ರಿಸೀವರ್ ಮತ್ತು ಫಜ್ ಮಧ್ಯೆ ಸೀರೀಸ್‌ನಲ್ಲಿ ಚಿಕ್ಕ ಆಡಿಯೋ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುತ್ತು, ಕೆಲವು ಹೆನ್ರಿ ಇರುವಂಥದ್ದು, ಸೆಕೆಂಡರಿ ಖಾಲಿ ಬಿಡಿ. ಅದರ ಜೊತೆ ಸೀರೀಸ್‌ನಲ್ಲಿ ಒಂದು 10ಕೆ ರೆಸಿಸ್ಟರ್, ಒಂದು 50ಕೆ ಪಾಟ್. ಬ್ಯಾಟರಿ ಬೇಡ. ಗಿಟಾರ್ ವಾಲ್ಯೂಮ್ ಮಾಡುತ್ತಿದ್ದ ಕೆಲಸವನ್ನು ಇನ್ನು ಆ ಪಾಟ್ ಮಾಡುತ್ತದೆ. ಬೆರಳಲ್ಲಿ ಗಿಟಾರ್ ನಾಬ್ ತಿರುಗಿಸಿದರೆ ಬರುತ್ತಿದ್ದದ್ದು ಇದರಲ್ಲಿ ಪೂರ್ತಿ ಬರಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ. ಟ್ರಾನ್ಸ್‌ಫಾರ್ಮರ್ ಸಿಗದಿದ್ದರೆ ಬರೀ ಪಾಟ್ ಹಾಕಿ, ಅರ್ಧ ಸಮಸ್ಯೆ ಹೋಗುತ್ತದೆ.

ಎಸ್‌ಪಿ_ರೋಡ್_ಸೀನ:
ಟ್ರಾನ್ಸ್‌ಫಾರ್ಮರ್ ನಾನು ಕೊಡುತ್ತೇನೆ, ಹಳೇ ರೇಡಿಯೋಗಳಿಂದ ಬಿಚ್ಚಿದ್ದು ಇವೆ. ಶನಿವಾರ ಬನ್ನಿ.

ಜರ್ಮೇನಿಯಂ_ಜಗ್ಗ:
ಡಬ್ಬ ಮಾಡಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಏಪ್ರಿಲ್‌ನಲ್ಲಿ ಬಯಲಲ್ಲಿ ಒಂದು ಶೋ ಮಾಡಿ ಬಂದು ಆಮೇಲೆ ಬರೆಯಿರಿ.

ಹೊಸಬ_ಬೇಸಿಸ್ಟ್:
ಇಲ್ಲೇ ಕೇಳುತ್ತೇನೆ, ಪಾಸಿಟಿವ್ ಗ್ರೌಂಡ್ ಅಂತ ಬಂತಲ್ಲ. ನನ್ನ ಹತ್ತಿರವೂ ಅಂಥದ್ದೇ ಒಂದು ಫಜ್ ಇದೆ. ಒಂದೇ ಅಡಾಪ್ಟರ್‌ನಿಂದ ಡೇಸಿ ಚೈನ್‌ನಲ್ಲಿ (ಹಲವು ಪ್ಲಗ್ ಇರುವ ಒಂದೇ ವೈರ್) ಎಲ್ಲಾ ಪೆಡಲ್‌ಗೂ ಪವರ್ ಕೊಟ್ಟರೆ ಬೋರ್ಡ್ ಪೂರ್ತಿ ಆಫ್ ಆಗುತ್ತದೆ. ಫಜ್ ತೆಗೆದರೆ ಮತ್ತೆ ಎಲ್ಲಾ ಆನ್.

ಸೋಲ್ಡರ್_ಸುಬ್ಬಿ:
ಈಗಲೇ ತೆಗೆಯಿರಿ. ಬೇರೆ ಪೆಡಲ್‌ಗಳಲ್ಲಿ ಗ್ರೌಂಡ್ ಅಂದರೆ ಅಡಾಪ್ಟರ್‌ನ ಮೈನಸ್, ನಿಮ್ಮ ಫಜ್‌ನಲ್ಲಿ ಪ್ಲಸ್. ಪ್ಯಾಚ್ ಕೇಬಲ್‌ನ ಶೀಲ್ಡ್ ಎರಡನ್ನೂ ಸೇರಿಸಿಬಿಡುತ್ತದೆ, ಅಡಾಪ್ಟರ್ ಶಾರ್ಟ್. ಬ್ಯಾಟರಿ ಹಾಕಿ, ಇಲ್ಲಾ ಐಸೊಲೇಟೆಡ್ (ಒಂದಕ್ಕೊಂದು ತಾಗದ) ಔಟ್‌ಪುಟ್ ಇರುವ ಸಪ್ಲೈ ತಗೊಂಡು ಪೊಲಾರಿಟಿ ಸರಿ ನೋಡಿ ಕೊಡಿ. ಬಿಲ್ಡರ್ ಒಳಗೆ ಮ್ಯಾಕ್ಸ್ 1044 ಥರ ಚಾರ್ಜ್ ಪಂಪ್ (ಪ್ಲಸ್ ವೋಲ್ಟೇಜನ್ನು ಮೈನಸ್ ಮಾಡಿಕೊಡುವ ಚಿಪ್) ಹಾಕಿದ್ದರೆ ಮಾಮೂಲಿ ಅಡಾಪ್ಟರ್ ನಡೆಯುತ್ತಿತ್ತು, ನಿಮ್ಮದರಲ್ಲಿ ಅದು ಇದ್ದಂತಿಲ್ಲ. ಹಿಂಬದಿ ಬಿಚ್ಚಿ ಫೋಟೋ ಹಾಕಿ. ಅಡಾಪ್ಟರ್ ಬಿಸಿಯಾಗಿದೆಯಾ?